ಬೇತಮಂಗಲದ ತೆಪ್ಪದಲ್ಲಿ ನನ್ನ ಮೊದಲ ಹಂಗಾಮು

ಕೆಜಿಎಫ್ ಅಂದರೆ ಹೊರಗಿನವರಿಗೆ ಮೊದಲು ನೆನಪಾಗೋದು ಚಿನ್ನ, ಈಗೀಗ ಸಿನಿಮಾ. ಮದುವೆಯಾಗಿ ಚಾಂಪಿಯನ್ ರೀಫ್ಸ್‌ಗೆ ಬಂದ ಮೇಲೆ ನಾನು ಹೆಚ್ಚಾಗಿ ಕೇಳಿದ್ದು ಮಾತ್ರ ನೀರಿನ ಮಾತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಗೆ 1902ರಲ್ಲಿ ಕರೆಂಟು ಕೊಟ್ಟದ್ದು ಶಿವನಸಮುದ್ರದ ಕಾವೇರಿ. ಊರಿಗೆ ನೀರು ಕೊಟ್ಟದ್ದು ಪಾಲಾರ್ ನದಿಗೆ ಅಡ್ಡ ಕಟ್ಟಿದ ಬೇತಮಂಗಲದ ಕೆರೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಕೆರೆ ಉಳಿಯಿತು.

ಆ ಕೆರೆಯಲ್ಲೇ ನಾನು ತೆಪ್ಪ ಹತ್ತಿ ಮೀನು ಹಿಡಿಯೋದು ಕಲಿತೆ.

ಕೆರೆ ತುಂಬಿದ ವರ್ಷ

ಪಾಲಾರ್ ಅಂದ ತಕ್ಷಣ ಎರಡೂ ದಡ ತುಂಬಿ ಹರಿಯೋ ಹೊಳೆಯನ್ನು ಊಹಿಸಿಕೊಳ್ಳಬೇಡಿ. ಕೋಲಾರ ಜಿಲ್ಲೆಯಲ್ಲಿ ಅದು ಕೆರೆಗಳ ಸರಮಾಲೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಕೊನೆಯ ಕೆರೆಯೂ ತುಂಬಿದರೆ ಮುಂದೆ ಆಂಧ್ರ, ಆಮೇಲೆ ತಮಿಳುನಾಡು. ಎಷ್ಟೋ ವರ್ಷ ನದಿಪಾತ್ರದಲ್ಲಿ ಮರಳು ಮತ್ತು ಜಾಲಿ ಬಿಟ್ಟರೆ ಏನೂ ಕಾಣೋದಿಲ್ಲ.

2021ರ ನವೆಂಬರ್‌ನಲ್ಲಿ ಮಳೆ ಸುರಿದದ್ದು ಸುರಿದದ್ದೇ. ಜಿಲ್ಲೆಯ ಕೆರೆಗಳು ಒಂದಾದ ಮೇಲೊಂದು ಕೋಡಿ ಬಿದ್ದವು, ಬೇತಮಂಗಲದ ಕೆರೆಯೂ ತುಂಬಿತು. ನನಗೆ ಆಗ ವರ್ಕ್ ಫ್ರಮ್ ಹೋಮ್. "ಬಾಮ್ಮ, ನೀರು ನೋಡ್ಕೊಂಡು ಬರೋಣ" ಅಂತ ಮಾವ ಕರೆದುಕೊಂಡು ಹೋದರು. ಏರಿಯ ಮೇಲೆ ಜಾತ್ರೆಯಷ್ಟು ಜನ. ಅಲ್ಲಿ ಮಾವನ ಪರಿಚಯದ ಒಬ್ಬ ಅಣ್ಣ ತೆಪ್ಪದ ತಳಕ್ಕೆ ಡಾಂಬರು ಬಳಿಯುತ್ತಾ ಕೂತಿದ್ದ.

"ಕೆರೆ ತುಂಬಿದ್ರೆ ನಾನು ಮೀನುಗಾರ ಕಣಮ್ಮ. ಒಣಗಿದ್ರೆ ಬೆಂಗಳೂರಲ್ಲಿ ಗಾರೆ ಕೆಲಸ" ಅಂದ. ಗಾರೆ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಅವನು ಹಿಡಿಯುತ್ತಿದ್ದದ್ದು ಕೆಜಿಎಫ್‌ನ ಸಾವಿರಾರು ಜನ ಹಿಡಿಯೋ ಅದೇ ಬೆಳಗಿನ ರೈಲು. ಈ ಸಲ ಆ ರೈಲು ತಪ್ಪಿಸೋಕೆ ಅವನಿಗೆ ಒಂದು ಕೆರೆ ಸಿಕ್ಕಿತ್ತು.

ತೆಪ್ಪದ ಪಾಠ

ತೆಪ್ಪ ಅಂದರೆ ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಫೈಬರ್ ತೆಪ್ಪಗಳೂ ಬಂದಿವೆ. ಅದಕ್ಕೆ ಮುಂದು ಹಿಂದು ಅನ್ನೋದಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ಬುಗುರಿ ಥರ ತಿರುಗುತ್ತೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಎದುರಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಎದ್ದು ನಿಲ್ಲುವ ಹಾಗಿಲ್ಲ. ಇಬ್ಬರಿದ್ದರೆ ಎದುರುಬದುರು ಕೂತು ಭಾರ ಸರಿದೂಗಿಸಬೇಕು. ಗಾಳಿ ಎದ್ದರೆ ದಡಕ್ಕೆ ವಾಪಸ್ಸು.

ಬಲೆ ಬಿಡೋದು ಸಂಜೆ, ಎತ್ತೋದು ಬೆಳಕು ಹರಿಯೋ ಮೊದಲು. ಪರದೆಯ ಹಾಗೆ ನೀರಿನಲ್ಲಿ ನಿಲ್ಲುವ ಬಲೆ ಅದು: ಮೇಲಂಚಿಗೆ ಥರ್ಮಾಕೋಲ್ ಬೆಂಡು, ಕೆಳಗಂಚಿಗೆ ಸೀಸದ ಗುಂಡು. ಎಷ್ಟು ಆಳಕ್ಕೆ ಬಿಡಬೇಕು ಅನ್ನೋದರಲ್ಲೇ ವಿದ್ಯೆ ಇರೋದು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ನಾನು ಮನೆಗೆ ಬಂದು ಇದನ್ನು ಹೇಳಿದಾಗ ಮಾವ ನಕ್ಕರು. "ನಮ್ಮ ಗಣೀಲಿ ಲೆವೆಲ್ ಇದ್ದಂಗೆ. ಯಾವ ಲೆವೆಲ್‌ನಾಗೆ ಏನೈತೆ ಅಂತ ಗೊತ್ತಿದ್ದೋನೇ ಕೆಲಸಗಾರ."

ಬೆಳಿಗ್ಗೆ ಐದಕ್ಕೆ ತೆಪ್ಪ, ಒಂಬತ್ತೂವರೆಗೆ ಆಫೀಸಿನ ಕಾಲ್. ಕೈಗೆ ಮೀನಿನ ವಾಸನೆ. ಕ್ಯಾಮೆರಾ ಆನ್ ಮಾಡಿದರೂ ವಾಸನೆ ಬರೋದಿಲ್ಲ ಅನ್ನೋದೇ ಸಮಾಧಾನ!

ಹೊಳೆಯನ್ನು ಮರೆಯದ ಮೀನು

ಸಾಲ್ಮನ್ ಮೀನು ಸಮುದ್ರದಿಂದ ತಾನು ಹುಟ್ಟಿದ ಹೊಳೆಯನ್ನು ಹುಡುಕಿಕೊಂಡು ಎದುರು ಪ್ರವಾಹದಲ್ಲಿ ಈಜಿ ಬರೋದನ್ನು ನಾವೆಲ್ಲ ವಿಡಿಯೋಗಳಲ್ಲಿ ನೋಡಿದ್ದೇವೆ. ನಮ್ಮ ಕಾಟ್ಲಾ, ರೋಹು ಸಮುದ್ರಕ್ಕೆ ಹೋಗೋದಿಲ್ಲ. ಆದರೆ ಅವೂ ಮೂಲದಲ್ಲಿ ಹೊಳೆಯ ಮೀನುಗಳೇ, ಮೊಟ್ಟೆಯಿಡೋಕೆ ಮಳೆಗಾಲದ ಹರಿಯೋ ನೀರು ಬೇಕು. ನಿಂತ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಸಂತಾನ ಮಾತ್ರ ಆಗೋದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುವುದು ಆ ನೆನಪಿಗೇ. ಇವತ್ತು ನಮ್ಮ ಕೆರೆಗಳಿಗೆ ಬಿಡುವ ಮೀನುಮರಿ ಬರೋದು ಅದೇ ವಿಧಾನದ ಮರಿ ಕೇಂದ್ರಗಳಿಂದ.

ಮೇಲಿನ ಕೆರೆಗಳು ಕೋಡಿ ಬಿದ್ದಾಗ ಅಲ್ಲಿನ ಮೀನೂ ನೀರಿನ ಜೊತೆ ಇಳಿದು ಬರುತ್ತೆ. ಅಣ್ಣನ ಮೊದಲ ವಾರಗಳ ಸಂಪಾದನೆ ಅಂಥ ದೊಡ್ಡ ಮೀನುಗಳದ್ದೇ. ಅದರ ಜೊತೆ ಯಾರೂ ಬಿಡದಿದ್ದರೂ ತಾನಾಗಿ ಹೆಚ್ಚುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅತ್ತೆ ಅದಕ್ಕೆ ಹುಣಸೆಹುಳಿ ಹಿಂಡಿ ರಾತ್ರಿಯೇ ಸಾರು ಮಾಡಿಟ್ಟು, ಮಾರನೇ ದಿನ ಮುದ್ದೆ ಜೊತೆ ಬಡಿಸುತ್ತಿದ್ದರು. ಒಂದು ರಾತ್ರಿ ಕಳೆದ ಮೀನು ಸಾರಿನ ರುಚಿಯೇ ಬೇರೆ.

ಬಲೆಯ ಕಣ್ಣು

ಮಾರ್ಚ್ ದಾಟಿದ ಮೇಲೆ ನೀರು ದಿನಕ್ಕಿಷ್ಟು ಅಂತ ಹಿಂದೆ ಸರಿಯತೊಡಗಿತು. ನೀರು ಕುಗ್ಗಿದಷ್ಟೂ ಮೀನು ಒತ್ತೊತ್ತಾಗುತ್ತೆ, ಹಿಡಿಯೋದು ಸುಲಭವಾಗುತ್ತೆ. ಸಣ್ಣ ಕಣ್ಣಿನ ಬಲೆ ಹಾಕಿದರೆ ಬೆರಳುದ್ದದ ಮರಿಯನ್ನೂ ಬಾಚಿಕೊಳ್ಳಬಹುದು. ಹಾಗೆ ಮಾಡಿದವರೂ ಇದ್ದರು. ಅಣ್ಣ ಮಾತ್ರ ಅದೇ ಅಗಲ ಕಣ್ಣಿನ ಬಲೆ ಬಿಡುತ್ತಿದ್ದ. ಏಪ್ರಿಲ್‌ನ ಒಂದು ಬೆಳಿಗ್ಗೆ ಬಲೆಯಲ್ಲಿ ಸಿಕ್ಕಿದ್ದು ನಾಲ್ಕೇ ಮೀನು.

"ಸಣ್ಣ ಬಲೆ ಹಾಕಬಾರದಾ ಅಣ್ಣ? ನೀರು ಪೂರ್ತಿ ಹೋದರೆ ಆ ಮರಿಗಳು ಹೇಗೂ ಉಳಿಯೋದಿಲ್ಲ ಅಲ್ವಾ?" ಅಂತ ಕೇಳಿದೆ.

ಅವನು ಬಲೆ ಮಡಚೋದನ್ನು ನಿಲ್ಲಿಸಲಿಲ್ಲ. "ನೀರು ಓಯ್ತದೆ ಅಂತ ಈಗ್ಲೇ ಹಿಡ್ದುಬಿಟ್ರೆ, ನೀರು ನಿಂತ್ರೆ ಏನು ಮಾಡ್ಲಿ? ಮರಿ ಕೆಜಿ ತೂಗೋಕೆ ಒಂದು ವರ್ಷ ಬೇಕು. ಆ ವರ್ಷ ನಾನು ರೈಲು ಅತ್ತಬೇಕಾಯ್ತದೆ."

ಅದೊಂದು ಪಂದ್ಯ ಅಂತ ನನಗೆ ಆಗ ಅರ್ಥವಾಯಿತು. ಒಂದು ಕಡೆ ಮಳೆ, ಇನ್ನೊಂದು ಕಡೆ ಅವನ ಮನೆಖರ್ಚು. ನಮ್ಮ ಕೆಲಸಗಳಲ್ಲಿ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಟಾರ್ಗೆಟ್ ತುಂಬಿಸೋಕೆ ಸಿಕ್ಕಿದ್ದನ್ನೆಲ್ಲ ಬಾಚುತ್ತೇವೆ. ಇಲ್ಲಿ ಒಬ್ಬ ಮನುಷ್ಯ ಕಣ್ಣೆದುರಿನ ಮೀನನ್ನು ಬಲೆಯ ಸಂದಿಯಿಂದ ಜಾರಲು ಬಿಟ್ಟು, ಇನ್ನೂ ಬಾರದ ಮಳೆಯನ್ನು ನಂಬಿ ಕೂತಿದ್ದ. ಭೂಮಿಯಿಂದ ತೆಗೆದ ಚಿನ್ನ ಮತ್ತೆ ಬೆಳೆಯೋದಿಲ್ಲ, ನಮ್ಮೂರಿನ ಕಥೆಯೇ ಅದಕ್ಕೆ ಸಾಕ್ಷಿ. ಬಿಟ್ಟರೆ ಬೆಳೆಯೋದು ಮೀನು.

ಜೂನ್, ಜುಲೈ ಮೀನಿನ ಸಂತಾನದ ಕಾಲ. ಅಣ್ಣ ತೆಪ್ಪವನ್ನು ದಡಕ್ಕೆ ಎಳೆದು ಬೋರಲು ಹಾಕಿದ, ಬಲೆಯನ್ನು ಬೇವಿನ ಮರಕ್ಕೆ ತೂಗುಹಾಕಿ ಹರಿದಲ್ಲೆಲ್ಲ ಹೊಲಿಯತೊಡಗಿದ. ಕೆರೆಯಲ್ಲಿ ಇನ್ನೂ ನೀರಿತ್ತು. ಆ ಬೇಸಿಗೆ ಅವನು ಬೆಂಗಳೂರಿಗೆ ಹೋಗಲಿಲ್ಲ.

ನೀವೂ ಹೋಗುವುದಾದರೆ

ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿದೆ. ಅಲ್ಲಿಂದ ಮಾರಿಕುಪ್ಪಂ ಮಾರ್ಗದಲ್ಲಿ ಊರ್ಗಾಂ, ಚಾಂಪಿಯನ್ ಸ್ಟೇಷನ್‌ಗಳು ಬರುತ್ತವೆ. ಕೆಜಿಎಫ್‌ನಿಂದ ಬೇತಮಂಗಲ ಬಸ್ಸಿನಲ್ಲಿ ಹತ್ತಿರವೇ. ಕೆರೆಯ ಮೀನಿನ ಹಕ್ಕು ಗುತ್ತಿಗೆ ಪಡೆದವರದ್ದು, ಅವರನ್ನು ಕೇಳದೆ ಗಾಳ ಹಾಕಬೇಡಿ. ತೆಪ್ಪ ಹತ್ತುವುದಾದರೆ ಈಜು ಬಂದರೂ ಲೈಫ್ ಜಾಕೆಟ್ ಇರಲಿ. ಕೋಡಿ ಹರಿಯುವಾಗ ಸೆಲ್ಫಿಗೆ ಇಳಿಯಬೇಡಿ. ಬೆಳಗಿನ ಹೊತ್ತು ದಡದಲ್ಲೇ ಮೀನು ಕೊಳ್ಳಬಹುದು, ತೀರಾ ಸಣ್ಣ ಮರಿ ಕೊಟ್ಟರೆ ಬೇಡ ಅನ್ನಿ. ವಾಪಸ್ಸು ಬರುವಾಗ ಬಂಗಾರಪೇಟೆಯ ಬಿಳಿ ಪಾನಿಯ ಪಾನಿಪುರಿ ತಿನ್ನದೆ ರೈಲು ಹತ್ತಬೇಡಿ.