ಕುದುರೆ ಕೊಂಡ ಕಥೆ

“ಕುದುರೆ ಕಂಡರೆ ಕಾಲು ನೋವು” ಎನ್ನುವುದು ನಮ್ಮ ಗಾದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೋ, ಕುದುರೆ ಕಂಡರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆರು ವರ್ಷ ಸವಾರಿ ಕಲಿತ ಮೇಲೆ, ಹದಿನಾಲ್ಕನೇ ಹುಟ್ಟುಹಬ್ಬಕ್ಕೆ, “ಅಪ್ಪಾ, ನಂದೇ ಅಂತ ಒಂದು ಕುದುರೆ ಬೇಕು” ಎಂದಳು. ಊರಿಗೆ ಹೋಗಿಬರಲು ಕೂಡಿಟ್ಟಿದ್ದ ದುಡ್ಡು ಟಾಫಿ ಎಂಬ ಕಂದು ಕುದುರೆಯ ಪಾಲಾಯಿತು.

“ಬಹಳ ಸಾಧು, ರಸ್ತೆಯ ವಾಹನಗಳಿಗೆ ಹೆದರುವುದಿಲ್ಲ” ಎಂದಿತ್ತು ಜಾಹೀರಾತು. ಮಾರಿದವರು ವ್ಯಾಪಾರಿಗಳಲ್ಲ, ನಮ್ಮಂತೆಯೇ ಸಂಸಾರಸ್ಥರು. ಪಶುವೈದ್ಯರಿಂದ ಐದು ಹಂತದ ಪರೀಕ್ಷೆಯನ್ನೂ ಮಾಡಿಸಿದೆವು. ಮದ್ದು ಕೊಟ್ಟು ನೋವನ್ನೋ ತುಂಟತನವನ್ನೋ ಮರೆಸಿದ್ದರೆ ಮುಂದೆ ಗೊತ್ತಾಗಲಿ ಎಂದು ರಕ್ತದ ಮಾದರಿ ತೆಗೆದು ಆರು ತಿಂಗಳು ಇಟ್ಟಿರುತ್ತಾರೆ.

ಎರಡನೇ ವಾರದಲ್ಲೇ ಟಾಫಿ ಮಗಳನ್ನು ಕೆಡವಿತು. ಮಣಿಕಟ್ಟು ಮುರಿಯಿತು. ಫೋನ್ ಮಾಡಿದರೆ, “ನಮ್ಮಲ್ಲಿದ್ದಾಗ ಹಾಗಿರಲಿಲ್ಲ” ಎಂದರು. ನನಗೆ ರಕ್ತ ಕುದಿಯಿತು. ವಕೀಲರ ಬಳಿ ಓಡಿದೆ.

ಅವರು ಸಮಾಧಾನವಾಗಿ ವಿವರಿಸಿದರು. 2015ರ ಗ್ರಾಹಕ ಹಕ್ಕುಗಳ ಕಾಯಿದೆ ಇರುವುದು ವ್ಯಾಪಾರಿಯಿಂದ ಕೊಂಡವರಿಗೆ. ಕುದುರೆಯಲ್ಲಿ ದೋಷವಿದ್ದರೆ 30 ದಿನದೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಖಾಸಗಿ ಮಾರಾಟದಲ್ಲಿ ನೋಡಿ ಕೊಳ್ಳುವ ಹೊಣೆ ಕೊಳ್ಳುವವನದೇ. ಆದರೆ ಮಾರಿದವರು ಹೇಳಿದ್ದು ಸುಳ್ಳಾಗಿದ್ದು, ಅದನ್ನು ನಂಬಿಯೇ ಕೊಂಡಿದ್ದರೆ ಪರಿಹಾರ ಕೇಳಲು ದಾರಿಯುಂಟು. “ಜಾಹೀರಾತು, ಪತ್ರವ್ಯವಹಾರ ಎಲ್ಲ ಜೋಪಾನವಾಗಿಡಿ. ರಕ್ತ ಪರೀಕ್ಷೆಗೆ ಕಳಿಸಿ. ಅಲ್ಲಿಯವರೆಗೆ ಜಗಳ ಬೇಡ” ಎಂದರು.

ರಕ್ತದಲ್ಲಿ ಯಾವ ಮದ್ದೂ ಇರಲಿಲ್ಲ.

ಆಗ ಲಾಯದ ಒಡತಿ ಮೂರು ಪ್ರಶ್ನೆ ಕೇಳಿದರು. ಮೊದಲು ದಿನಕ್ಕೆಷ್ಟು ಹೊತ್ತು ಬಯಲಲ್ಲಿರುತ್ತಿತ್ತು? ಏನು ತಿನ್ನುತ್ತಿತ್ತು? ಜೀನು ಯಾರದು? ನನ್ನ ಬಾಯಿ ಕಟ್ಟಿತು. ದಿನವಿಡೀ ಹುಲ್ಲುಗಾವಲಲ್ಲಿದ್ದ ಪ್ರಾಣಿಯನ್ನು ನಾವು ಲಾಯದಲ್ಲಿ ಕಟ್ಟಿದ್ದೆವು. ಪ್ರೀತಿಯಿಂದ ಓಟ್ಸ್ ಸುರಿದಿದ್ದೆವು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಜೀನು ತಂದಿದ್ದೆವು. ಅದು ಬೆನ್ನನ್ನು ಒತ್ತುತ್ತಿತ್ತು.

ನನ್ನ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ಚಿಕ್ಕವನಾಗಿದ್ದಾಗ ಕಂಡಿದ್ದೆ. ಸುಳಿ ನೋಡಿ, ಹಲ್ಲು ನೋಡಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಚೌಕಾಸಿ ಮಾಡಿದ ಮೇಲೂ ಗಾಡಿಗೆ ಕಟ್ಟಿ ನೋಡದೆ ದುಡ್ಡು ಎಣಿಸುತ್ತಿರಲಿಲ್ಲ. ಹೊರಡುವಾಗ, “ಏನು ಮೇವು ಹಾಕ್ತಿದ್ರಿ ಗೌಡ್ರೇ?” ಎಂದು ಕೇಳಿ, ಹದಿನೈದು ದಿನ ಅದನ್ನೇ ಹಾಕುತ್ತಿದ್ದರು. ಅವರ ಮೊಮ್ಮಗ, ಸಾವಿರಾರು ಪೌಂಡ್ ಕೊಟ್ಟವನು, ಅದನ್ನು ಕೇಳಲೇ ಇಲ್ಲ.

ಜೀನು ಬದಲಾಯಿತು, ಮೇವು ಬದಲಾಯಿತು, ಬಯಲು ಸಿಕ್ಕಿತು. ಎರಡು ತಿಂಗಳಲ್ಲಿ ಟಾಫಿ ತಣ್ಣಗಾಯಿತು. ಟ್ರಾಕ್ಟರ್ ಕಂಡರೆ ಮಾತ್ರ ಈಗಲೂ ಬೆದರುತ್ತದೆ. ಜಾಹೀರಾತು ಅಲ್ಲಿ ಸುಳ್ಳೇ ಹೇಳಿತ್ತು. ನಾವೂ ರಸ್ತೆಗಿಳಿಸಿ ನೋಡಿರಲಿಲ್ಲ. ಆ ಮಾತನ್ನು ಮುಂದಿಟ್ಟಾಗ ಮಾರಿದವರು ಕುದುರೆಯನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದರು.

ತೀರ್ಮಾನ ಮಗಳಿಗೆ ಬಿಟ್ಟೆ. ಬ್ಯಾಂಡೇಜ್ ಬಿಚ್ಚಿದ ಕೈಯಿಂದ ಅದರ ಕುತ್ತಿಗೆ ಸವರುತ್ತಾ, “ಅದಕ್ಕೂ ನಾವು ಹೊಸಬರಲ್ವಾ ಅಪ್ಪಾ?” ಎಂದಳು.

ಹೊಸ ದೇಶಕ್ಕೆ ಬಂದ ಮೊದಲ ವರ್ಷ ನಾನೂ ಎಷ್ಟು ಬೆದರಿದ್ದೆನೋ! ಟಾಫಿ ನಮ್ಮಲ್ಲೇ ಉಳಿಯಿತು.