ಈಳಿಗೆಮಣೆಯೂ ಒಂದು ಕತ್ತಿಯೇ

ಅಂಚೆಚೀಟಿ ಕೂಡಿಡುವವನನ್ನು ಊರು ಸಾಧು ಎನ್ನುತ್ತದೆ. ಹಳೇ ನಾಣ್ಯ ಕೂಡಿಡುವವನನ್ನು ಜಾಣ ಎನ್ನುತ್ತದೆ. ಕತ್ತಿ ಕೂಡಿಡುತ್ತೇನೆ ಅಂತ ಹೇಳಿ ನೋಡಿ, ಎದುರಿಗೆ ಕೂತವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ‘ಯಾಕ್ ಸಾರ್, ಹಳೇ ದ್ವೇಷ ಏನಾದ್ರೂ ಇದೆಯಾ?’ ಎಂದು ಕೇಳಿದವರೂ ಉಂಟು. ದ್ವೇಷವೂ ಇಲ್ಲ, ದರೋಡೆಯೂ ಇಲ್ಲ. ಅತ್ತ ಶಿವಮೊಗ್ಗ, ಇತ್ತ ಭದ್ರಾವತಿ, ನಡುವೆ ನಮ್ಮ ಮಾಚೇನಹಳ್ಳಿ. ಇಲ್ಲಿನ ಫೌಂಡ್ರಿಯೊಂದರಲ್ಲಿ ಆಯುಷ್ಯ ಸವೆಸಿದವನು ಕಬ್ಬಿಣ ಬಿಟ್ಟು ಇನ್ನೇನು ಕೂಡಿಟ್ಟಾನು?

ಈ ಸೀಮೆಗೆ ಕಬ್ಬಿಣದ ಹುಚ್ಚು ಹತ್ತಿ ನೂರು ವರ್ಷ ದಾಟಿತು. ಭದ್ರಾವತಿಯ ಕಾರ್ಖಾನೆ ಶುರುವಾದದ್ದು 1918ರಲ್ಲಿ, ಊದುಕುಲುಮೆ ಹೊತ್ತಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲದ್ದರಿಂದ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿದರು. ಅದಕ್ಕೂ ಹಿಂದೆ, 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ದೊರೆ, ನಮ್ಮ ಜನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಡ್ಡಿಯಲ್ಲಿದ್ದ ಇಂಗಾಲ ಕಬ್ಬಿಣಕ್ಕೆ ಸೇರಿದರೆ ಉಕ್ಕು, ಇಷ್ಟೇ ಗುಟ್ಟು. ಇಂಗಾಲ ಕಡಿಮೆಯಾದರೆ ಅಲಗು ಮೆತ್ತಗೆ, ಹೆಚ್ಚಾದರೆ ಪೆಡಸು. ನೂರರಲ್ಲಿ ಅರ್ಧದಿಂದ ಒಂದು ಪಾಲಿನ ನಡುವೆ ಎಲ್ಲೋ ಒಳ್ಳೆಯ ಕತ್ತಿ ಇರುತ್ತದೆ. ನಮ್ಮ ಕುಲುಮೆಯ ಆಚಾರ್ರು ಈ ಲೆಕ್ಕ ಓದಿದವರಲ್ಲ. ಗುಜರಿಗೆ ಬಂದ ಲಾರಿಯ ಕಮಾನು ಪಟ್ಟಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ‘ಇದು ಕತ್ತಿಗೆ ಆಗ್ತದೆ’ ಅನ್ನುತ್ತಾರೆ. ಆಗಿಯೇ ಆಗುತ್ತದೆ.

ಅವರು ಹದ ಹಾಕುವುದನ್ನು ನೋಡಬೇಕು. ಅಲಗು ಕೆಂಪಗೆ ಕಾದು, ಅಯಸ್ಕಾಂತವೂ ಕಚ್ಚದ ಸ್ಥಿತಿಗೆ ಬಂದಾಗ ಬಾಯಿ ಭಾಗವನ್ನಷ್ಟೇ ನೀರಿಗೆ ಅದ್ದುತ್ತಾರೆ. ಆಗ ಅದು ಗಾಜಿನಂತೆ ಗಡಸು, ಕಲ್ಲಿಗೆ ಬಿದ್ದರೆ ಚೂರು. ಮತ್ತೆ ಹದವಾದ ಶಾಖ ತೋರಿಸಿ, ಉಜ್ಜಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ತೆಗೆದರೆ ಕತ್ತಿ ಬಾಳುತ್ತದೆ. ಇದನ್ನು ಬದುಕಿಗೆ ಹೋಲಿಸಿ, ಕಷ್ಟದಲ್ಲಿ ಬೆಂದವನೇ ಗಟ್ಟಿಯಾಗುತ್ತಾನೆ ಅಂತ ಭಾಷಣ ಮಾಡುವವರಿದ್ದಾರೆ. ನನಗೆ ಆ ಚಪಲವಿಲ್ಲ. ಕಬ್ಬಿಣಕ್ಕೆ ದುಃಖವಿಲ್ಲ, ದುಃಖಕ್ಕೆ ಹದವಿಲ್ಲ.

ನನ್ನ ಟ್ರಂಕಿನಲ್ಲಿ ಕೊಡಗಿನ ಪೀಚೆಕತ್ತಿ ಇದೆ. ಸೊಂಟದ ಕೆಂಪು ಚೇಲೆಗೆ ಮುಂದೆ ಸಿಕ್ಕಿಸಿಕೊಳ್ಳುವಂಥದ್ದು. ಬೆನ್ನಿನ ತೊಡಂಗ್‌ಗೆ ನೇತುಬಿಡುವ, ಮದುವೆಯಲ್ಲಿ ಬಾಳೆ ಕಡಿಯುವ ಅಗಲದ ಒಡಿಕತ್ತಿ ಇದೆ. ತೀರ್ಥಹಳ್ಳಿ ಕಡೆಯ ಕೊನೆಗಾರರೊಬ್ಬರು ಕೊಟ್ಟ, ಹಿಡಿ ಬೆವರಿನಿಂದ ಕಪ್ಪಾದ ಬಾಗುಗತ್ತಿ ಇದೆ. ಅಜ್ಜಿಯ ಕಾಲದ ಅಡಕತ್ತರಿ, ಕ್ಷೌರದ ಕತ್ತಿ, ಯಾವುದೋ ಮದುಮಗ ಕೈಯಲ್ಲಿ ಹಿಡಿದು ಹಸೆಗೇರಿದ ಕಠಾರಿ, ಎಲ್ಲವೂ ಇವೆ. ಕಾನೂನೂ ನನಗೆ ಗೊತ್ತು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದರೆ ಅದು ಆಯುಧಗಳ ಪಟ್ಟಿಗೆ ಬರುತ್ತದೆ. ಮನೆಗೆಲಸ, ಬೇಸಾಯದ ಕತ್ತಿಗಳಿಗೆ ವಿನಾಯಿತಿ. ಮಲೆನಾಡಿನಲ್ಲಿ ಬೇಸಾಯದ್ದಲ್ಲದ ಕತ್ತಿ ಹುಡುಕುವುದೇ ಕಷ್ಟ.

ಇಷ್ಟಿದ್ದೂ ನನ್ನವಳು ಅಡುಗೆಮನೆಯಿಂದಲೇ ಒಂದು ಮಾತು ಒಗೆಯುತ್ತಿದ್ದಳು: ‘ಮನೆ ತುಂಬ ಕತ್ತಿ, ಒಂದರಲ್ಲೂ ಒಂದು ಈರುಳ್ಳಿ ಹೆಚ್ಚೋ ಹಾಗಿಲ್ಲ ಅಲ್ರೀ!’ ಅವಳ ಈಳಿಗೆಮಣೆಯನ್ನು ನಾನು ಸಂಗ್ರಹದಲ್ಲಿ ಸೇರಿಸಿರಲಿಲ್ಲ. ಸಂಗ್ರಾಹಕರು ಯಾರೂ ಸೇರಿಸುವುದಿಲ್ಲ. ಹಿಡಿ ಇಲ್ಲ, ಒರೆ ಇಲ್ಲ, ರಾಜರ ಕಥೆ ಇಲ್ಲ. ಇಲ್ಲಿ ಕತ್ತಿ ಕೂತಲ್ಲೇ ಕೂತಿರುತ್ತದೆ, ಬದನೆಕಾಯಿಯೇ ಅದರ ಹತ್ತಿರ ಹೋಗಬೇಕು.

ಅವಳು ಹೋದಳು. ಹೇಗೆ, ಎಲ್ಲಿ ಎಂಬುದು ಹರಟೆಯ ವಿಷಯವಲ್ಲ. ಹದಿಮೂರನೇ ದಿನದ ಊಟ ಮುಗಿದು ನೆಂಟರೆಲ್ಲ ಚೀಲ ಕಟ್ಟುವಾಗ ಭಾವಮೈದ ನನ್ನ ಟ್ರಂಕನ್ನು ಎತ್ತಿ ಅಟ್ಟಕ್ಕೆ ಸೇರಿಸಿದ. ‘ಭಾವ, ಓಡಾಡೋಕೆ ಅಡ್ಡ ಆಗ್ತದೆ, ಮೇಲಿರ್ಲಿ’ ಅಂದ. ಅವನ ಮನಸ್ಸಿನಲ್ಲಿ ಇದ್ದದ್ದೇನು ಅಂತ ನನಗೆ ಗೊತ್ತಾಯಿತು. ಅವನು ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಇಂಥ ಅನುಮಾನವೂ ಪ್ರೀತಿಯದೇ ಒಂದು ಜಾತಿ.

ಆಮೇಲಿನ ತಿಂಗಳುಗಳಲ್ಲಿ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎಳೆಯ ವಯಸ್ಸಿನಲ್ಲಿ ಶಿವಮೊಗ್ಗದ ಗರಡಿಯಲ್ಲಿ ಮಟ್ಟಿ ಮೈಗೆ ಹಚ್ಚಿಕೊಂಡು ಸಾಮು ಮಾಡಿದ್ದವನು ನಾನು. ಕೋಟೆ ಮಾರಿಕಾಂಬೆ ಜಾತ್ರೆಯ ಕುಸ್ತಿಗೆ ಹೋಗಿ ಮಣ್ಣು ಮುಕ್ಕಿ ಬಂದಿದ್ದೂ ಇದೆ. ನಿವೃತ್ತನಾದ ಮೇಲೂ ಜಿಮ್ಮು ಬಿಟ್ಟಿರಲಿಲ್ಲ. ಎಲ್ಲ ನಿಂತಿತು. ದಮ್ಮು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಬಲ ಇನ್ನಷ್ಟು ಕಾಲ ತಡೆದು ಇಳಿಯುತ್ತದೆ. ದುಃಖ ಮನಸ್ಸಿಗೆ ಮಾತ್ರ ಅನ್ನುವವರು ಜಪಾನಿನ ವೈದ್ಯರನ್ನು ಕೇಳಬೇಕು. ದೊಡ್ಡ ಆಘಾತದ ನಂತರ ಹೃದಯದ ಕೆಳಭಾಗ ಉಬ್ಬಿ, ಹೃದಯಾಘಾತದಂತೆಯೇ ಎದೆ ಹಿಡಿಯುವ ಕಾಯಿಲೆಯೊಂದನ್ನು ಅವರು 1990ರಲ್ಲಿ ಗುರುತಿಸಿ, ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರನ್ನೇ ಅದಕ್ಕೆ ಇಟ್ಟರು: ತಕೊತ್ಸುಬೊ.

ಮಳೆಗಾಲ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ, ಎಣ್ಣೆ ಕಾಣದ ಕತ್ತಿಯ ಗತಿ ಕೇಳಬೇಕೆ? ಟ್ರಂಕು ಇಳಿಸೋಣ ಅಂತ ಸ್ಟೂಲು ಹತ್ತಿದೆ. ಟ್ರಂಕು ಅಲುಗಲಿಲ್ಲ, ನನ್ನ ಮೊಣಕಾಲು ಅಲುಗಿತು. ಕೊನೆಗೆ ಹಾಲಿನ ಹುಡುಗ ಒಂದೇ ಕೈಯಲ್ಲಿ ಇಳಿಸಿಕೊಟ್ಟು, ‘ಒಳಗೇನಿದೆ ಅಜ್ಜ?’ ಅಂದ. ಕತ್ತಿ ಅಂದೆ. ಅವನೂ ಒಂದು ಹೆಜ್ಜೆ ಹಿಂದೆ ಸರಿದ. ನೆಲದ ಮೇಲೆ ಕೂತು ಒಂದೊಂದಕ್ಕೂ ಕೊಬ್ಬರಿ ಎಣ್ಣೆ ಒರೆಸಿದೆ. ಮಧ್ಯಾಹ್ನ ಹೋಗಿದ್ದೇ ತಿಳಿಯಲಿಲ್ಲ. ಏಳೋಣ ಅಂದರೆ ಏಳಲಾಗಲಿಲ್ಲ. ಗೋಡೆ ಹಿಡಿದು, ಮೊಣಕಾಲೂರಿ, ದೇವರ ಹೆಸರು ಹೇಳಿ ಎದ್ದದ್ದಾಯಿತು.

ನೆಲದಿಂದ ಏಳುವುದು ಸಣ್ಣ ವಿಷಯವಲ್ಲ. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದ ಸುಮಾರು 2,000 ಜನರನ್ನು ನೆಲದ ಮೇಲೆ ಕೂರಿಸಿ ಏಳಿಸಿದರು. ಒಟ್ಟು 10 ಅಂಕ. ಕೈಯೋ ಮೊಣಕಾಲೋ ಊರಿದರೆ ಒಂದೊಂದಕ್ಕೆ ಒಂದು ಅಂಕ ಕಡಿತ. ಮುಂದಿನ ವರ್ಷಗಳಲ್ಲಿ, ಕಡಿಮೆ ಅಂಕದವರಲ್ಲಿ ತೀರಿಕೊಂಡವರ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. 2012ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿದಾಗ ನನಗೆ ನೆನಪಾದದ್ದು ನನ್ನವಳು. ಈಳಿಗೆಮಣೆ ಮುಂದೆ ಕೂರುವುದು, ಕುಕ್ಕರ್ ಕೂಗಿದರೆ ಏಳುವುದು, ಮತ್ತೆ ಕೂರುವುದು, ಬಾಗಿಲಿಗೆ ಯಾರೋ ಬಂದರು ಅಂತ ಮತ್ತೆ ಏಳುವುದು. ಒಂದು ಕೈಯಲ್ಲಿ ಹೆಚ್ಚಿದ ಹುರುಳಿಕಾಯಿ, ಇನ್ನೊಂದರಲ್ಲಿ ಪಾತ್ರೆ. ಊರಲಿಕ್ಕೆ ಕೈ ಎಲ್ಲಿತ್ತು? ನಾನು ಜಿಮ್ಮಿಗೆ ದುಡ್ಡು ಕಟ್ಟಿ ಬಸ್ಕಿ ಹೊಡೆಯುತ್ತಿದ್ದೆ. ಅವಳು ಪುಕ್ಕಟೆ ಹೊಡೆದು ಸಾರೂ ಮಾಡಿಡುತ್ತಿದ್ದಳು.

ಸಾಮಿನ ಮಾತು ಬಂದಾಗ ಕೆ. ವಿ. ಅಯ್ಯರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೈಗಳೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ್ದು, ಅಂಚೆಯ ಮೂಲಕ ದೂರದವರಿಗೂ ಅಂಗಸಾಧನೆ ಕಲಿಸಿದ್ದು. ಅವರ ಆಪ್ತಮಿತ್ರರು ಟಿ. ಪಿ. ಕೈಲಾಸಂ. ಕನ್ನಡದಲ್ಲಿ ಪೆನ್ನು ಹಿಡಿಯುವವನಿಗೆ ಮೈಯೂ ಇರುತ್ತದೆ ಎಂದು ತೋರಿಸಿಕೊಟ್ಟವರು ಅಯ್ಯರ್. ನಾವು ಬರೆಯುವವರು ಕೈಲಾಸಂ ಅವರ ಸಿಗರೇಟನ್ನು ನೆನಪಿಟ್ಟುಕೊಂಡೆವು, ಅಯ್ಯರ್ ಅವರ ದಂಡೆಯನ್ನು ಮರೆತೆವು.

ನಾನು ಮತ್ತೆ ಶುರು ಮಾಡಿದ್ದಕ್ಕೆ ಪುಸ್ತಕ ಕಾರಣವಲ್ಲ, ಎದುರು ಮನೆಯ ನಿವೃತ್ತ ಹವಾಲ್ದಾರರು ಕಾರಣ. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ‘ಏನ್ರೀ, ಬರ್ತೀರೋ?’ ಅನ್ನುತ್ತಿದ್ದರು. ‘ಇವತ್ತು ಬೇಡ’ ಅನ್ನುತ್ತಿದ್ದೆ. ‘ಸರಿ, ನಾಳೆ ಬರ್ತೀನಿ’ ಅಂತ ಹೋಗುತ್ತಿದ್ದರು. ಸಮಾಧಾನದ ಮಾತಿಲ್ಲ, ಗೀತೆಯ ಶ್ಲೋಕವಿಲ್ಲ. ಒಂದು ದಿನ ಅವರಿಗೆ ಇಲ್ಲ ಅನ್ನಲು ನಾಚಿಕೆಯಾಗಿ ಚಪ್ಪಲಿ ಮೆಟ್ಟಿದೆ. ಆ ಹೊತ್ತಿನ ಮಾಚೇನಹಳ್ಳಿಯೇ ಬೇರೆ. ಕೆ.ಎಸ್.ಆರ್.ಪಿ. ಪಡೆಯ ಹುಡುಗರು ಸಾಲಾಗಿ ಓಡುತ್ತಿರುತ್ತಾರೆ. ಡೇರಿಯಿಂದ ಶಿಮುಲ್ ಹಾಲಿನ ವ್ಯಾನುಗಳು ಹೊರಬೀಳುತ್ತವೆ. ಗಾರ್ಮೆಂಟ್ಸ್ ಬಸ್ಸುಗಳಿಂದ ಟಿಫನ್ ಡಬ್ಬಿ ಹಿಡಿದ ಹೆಣ್ಣುಮಕ್ಕಳು ದಡದಡ ಇಳಿಯುತ್ತಾರೆ. ಇಷ್ಟು ಜನ ಎದ್ದಿರುವಾಗ ನಾನೊಬ್ಬ ಮಲಗಿ ಸಾಧಿಸುವುದೇನು ಅನ್ನಿಸಿತು.

ಆಮೇಲೆ ಜಿಮ್ಮಿಗೂ ಹೋದೆ. ‘ಅಂಕಲ್, ಮೊದ್ಲು ಖಾಲಿ ರಾಡ್ ಎತ್ತಿ’ ಅಂದ ಅಲ್ಲಿನ ಹುಡುಗ. ಖಾಲಿ ರಾಡೇ 20 ಕಿಲೋ! ಎತ್ತಿ ಇಳಿಸಿದ್ದಕ್ಕೆ ಅವನು ಚಪ್ಪಾಳೆ ತಟ್ಟಿದ. ಅವಮಾನವೋ ಸನ್ಮಾನವೋ ತಿಳಿಯಲಿಲ್ಲ. ಆದರೆ ಒಮ್ಮೆ ಪಳಗಿದ ಮೈಗೆ ಬಲ ಎರಡನೇ ಸಲ ಬೇಗ ಬರುತ್ತದೆ ಅನ್ನುವ ಮಾತು ಸುಳ್ಳಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನ ಭಾರ ಎತ್ತುವಂಥ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರನೆಯದನ್ನು ನಾನು ಸೇರಿಸಿಕೊಂಡಿದ್ದೇನೆ: ತರಕಾರಿಯನ್ನು ಈಳಿಗೆಮಣೆಯಲ್ಲೇ ಹೆಚ್ಚುವುದು.

ಅದರ ಅಲಗು ನಡುವೆ ತವೆದು ಒಳಕ್ಕೆ ಬಾಗಿದೆ, ಅವಳು ಸೌತೆಕಾಯಿ ಒತ್ತುತ್ತಿದ್ದ ಜಾಗ ಅದೇ. ಮಣೆಯ ಮೇಲೆ ಪಾದ ಊರುತ್ತಿದ್ದ ಕಡೆ ಮರ ನುಣುಪಾಗಿದೆ. ತುದಿಯ ತುರಿಹಲ್ಲುಗಳಲ್ಲಿ ಎರಡು ಮುರಿದಿವೆ. ಸಂಗ್ರಾಹಕನ ಕಣ್ಣಿಗೆ ಬೆಲೆ ಕಟ್ಟುವ ಗುರುತುಗಳು ಇವೇ. ಒರೆಯಲ್ಲಿ ಮಲಗಿರುವ ಪೀಚೆಕತ್ತಿಯ ಮೇಲೆ ಇಷ್ಟು ಬಳಕೆಯ ಗುರುತಿಲ್ಲ. ಆದ್ದರಿಂದ ನನ್ನ ಸಂಗ್ರಹದ ಪಟ್ಟಿಯಲ್ಲಿ ಈಗ ಮೊದಲ ಹೆಸರು ಈಳಿಗೆಮಣೆಯದು. ಅದು ಮಾತ್ರ ಟ್ರಂಕಿಗೆ ಹೋಗುವುದಿಲ್ಲ.

ನಿಮ್ಮ ಬೀದಿಯಲ್ಲೂ ಒಬ್ಬರು ಮನೆಯಲ್ಲಿ ಸಾವಾದ ಮೇಲೆ ವಾಕಿಂಗ್ ನಿಲ್ಲಿಸಿರುತ್ತಾರೆ. ಅವರಿಗೆ ‘ಧೈರ್ಯ ತಗೊಳ್ಳಿ’ ಅನ್ನಬೇಡಿ, ಅದನ್ನು ಬೇರೆಯವರು ಸಾಕಷ್ಟು ಹೇಳಿ ಹೋಗಿರುತ್ತಾರೆ. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ‘ಬರ್ತೀರಾ?’ ಅನ್ನಿ. ಬರಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಮರುದಿನ ಮತ್ತೆ ಹೋಗಿ.