ಊರೇ ಬಾಗಿದ ಬೇಸಿಗೆ

2006ರ ಬೇಸಿಗೆಯ ಮಾತು. ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ತುಮಕೂರು ಜಿಲ್ಲೆಯ ಬಯಲುಸೀಮೆ ನಮ್ಮದು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ವಾರಕ್ಕೊಮ್ಮೆ. ಬಂದ ದಿನ ಹಂಡೆ, ಡ್ರಮ್ಮು, ಸಿಮೆಂಟ್ ತೊಟ್ಟಿ, ಕಡೆಗೆ ದನದ ಬಾನಿಯನ್ನೂ ಬಿಡದೆ ತುಂಬಿಸುತ್ತಿದ್ದೆವು. ಒಂದು ಚೆಂಬು ಚೆಲ್ಲಿದರೂ ಅಜ್ಜಿಯ ಕರುಳು ಚುರ್ರೆನ್ನುತ್ತಿತ್ತು.

ಮೊದಲು ಮಲಗಿದವನು ಎದುರುಮನೆಯ ಕುರಿ ಕಾಯುವ ಹುಡುಗ. ಮೂರು ದಿನ ಕಳೆಯುವಷ್ಟರಲ್ಲಿ ನಮ್ಮವ್ವ. ಹೊತ್ತು ಮೂಡುವ ಮೊದಲೇ ಎರಡು ಎಮ್ಮೆ ಕರೆದು ಮುಗಿಸುತ್ತಿದ್ದವಳಿಗೆ ಲೋಟ ಹಿಡಿಯಲು ಬೆರಳು ಮಡಚದು. ಗಂಜಿಯನ್ನು ನಾನೇ ಬಾಯಿಗಿಟ್ಟೆ. ಹಾಲನ್ನು ಕರುಗಳಿಗೇ ಬಿಟ್ಟೆವು. ವಾರ ತುಂಬುವುದರೊಳಗೆ ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಕಾಣಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ, ಕೋಲೂರಿ ಕಟ್ಟೆಗೆ. ಬಿತ್ತನೆಗೆಂದು ಕಡಲೆಕಾಯಿ ಸುಲಿಯುವ ಕಾಲವದು. ಮೂಟೆ ಮೂಲೆಯಲ್ಲಿ, ಸುಲಿಯುವ ಕೈಗಳು ಹಾಸಿಗೆಯಲ್ಲಿ.

‘ಚಿಕನ್ ಗುನ್ಯ’ ಎಂದರು ಜನ. ಆ ಫೆಬ್ರವರಿಯಲ್ಲೇ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತಲ್ಲ, ಎರಡನ್ನೂ ಒಂದೇ ಅಂದುಕೊಂಡು ಕೋಳಿ ತಿನ್ನುವುದನ್ನು ಬಿಟ್ಟರು. ಚಿಕುನ್‌ಗುನ್ಯ ಎಂಬುದು ಟಾಂಜಾನಿಯಾ ಕಡೆಯ ಮಕೊಂಡೆ ಜನರ ಮಾತು, ಅರ್ಥ ‘ಬಾಗಿಸುವಂಥದು’ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸೊಂಟ ಮುರಿದಂತೆ ನಡೆಯುತ್ತಿದ್ದ ಅವ್ವನನ್ನು ನೋಡಿದವರಿಗೆ ಆ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡಿದ್ದ ಈ ರೋಗ 1973ರ ನಂತರ ಮೂರು ದಶಕ ದೇಶದಲ್ಲಿ ಸದ್ದಿಲ್ಲದೆ ಇದ್ದು, 2005ರ ಕೊನೆಗೆ ಮರಳಿತ್ತು. ಹಾಗಾಗಿ ನಮ್ಮೂರ ಹಿರಿಯರಿಗೂ ಅದರ ಗುರುತಿರಲಿಲ್ಲ.

ಸೊಳ್ಳೆಯಿಂದ ಹರಡುವ ರೋಗವೆಂದು ಕೇಳಿ, ರಾತ್ರಿಯಾದರೆ ಬೇವಿನ ಸೊಪ್ಪಿನ ಹೊಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೆವು. ಮತ್ತೂ ಜನ ಮಲಗುತ್ತಲೇ ಹೋದರು.

ಒಂದು ದಿನ ನರ್ಸಮ್ಮ ಬಂದರು. ಮಾತ್ರೆ ಕೊಡುವ ಮೊದಲು ನಮ್ಮ ತೊಟ್ಟಿಯಿಂದ ಒಂದು ಗಾಜಿನ ಲೋಟ ನೀರೆತ್ತಿ ಬಿಸಿಲಿಗೆ ಹಿಡಿದರು. ನೂಲೆಳೆಯಂಥ ಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು; ಲೋಟ ಅಲುಗಿಸಿದೊಡನೆ ಕೊಂಕಿ ಕೊಂಕಿ ತಳಕ್ಕಿಳಿದವು. “ಇದು ಚರಂಡಿ ಸೊಳ್ಳೆ ಅಲ್ಲ ಕಣಮ್ಮ. ಕಪ್ಪು ಮೈ, ಬಿಳಿ ಪಟ್ಟೆ. ಶುದ್ಧ ನೀರೇ ಬೇಕು ಇದಕ್ಕೆ. ಕಚ್ಚೋದು ಹಗಲು ಹೊತ್ತು,” ಅಂದರು. ಅಜ್ಜಿ ಬಾಗಿಲ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ತೊಟ್ಟು ತೊಟ್ಟೂ ಜೋಪಾನ ಮಾಡಿಟ್ಟ ನೀರದು.

ಅಜ್ಜಿಯದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ವಾರಕ್ಕೊಮ್ಮೆ ನೀರು ಬಿಟ್ಟರೆ ಬಡವರ ಮನೆಯಲ್ಲಿ ನೀರು ತುಂಬಿಡದೆ ಇನ್ನೇನು ಮಾಡಬೇಕು? ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಅದೇ ಒಂದು ವಾರ ಸಾಕು. ಆ ವರ್ಷ ದೇಶದಲ್ಲಿ ಶಂಕಿತ ಪ್ರಕರಣಗಳು 13 ಲಕ್ಷ ದಾಟಿದವು. ಅದರಲ್ಲಿ ಸುಮಾರು 7.5 ಲಕ್ಷ ನಮ್ಮ ಕರ್ನಾಟಕದ್ದೇ.

ಜ್ವರ ನಾಲ್ಕೇ ದಿನಕ್ಕೆ ಇಳಿದರೂ ಅವ್ವನ ಕೀಲುನೋವು ಎರಡು ವರ್ಷ ಬಿಡಲಿಲ್ಲ. ಈಗಲೂ ಪ್ರತಿ ಶುಕ್ರವಾರ ಅವಳು ತೊಟ್ಟಿ ಬರಿದು ಮಾಡಿ, ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಿ, ಒಣಗಿಸಿ, ಆಮೇಲೆ ತುಂಬಿಸಿ ಮುಚ್ಚುತ್ತಾಳೆ. ನೀವೂ ತಿಕ್ಕಿ. ಬರೀ ನೀರು ಚೆಲ್ಲಿದರೆ ಸಾಲದು: ಗೋಡೆಗಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ.